ಇಮೇಲ್ ಪ್ರೈಮರಿ ಕೀ ಆಗಿರುವ ಟೇಬಲ್ ಅನ್ನು ನಂಬರ್ ಐಡಿಗೆ ಬದಲಾಯಿಸಬಹುದೇ?

ಖಂಡಿತ ಬದಲಾಯಿಸಬಹುದು. ಗ್ರಾಹಕರ ಟೇಬಲ್‌ನಲ್ಲಿ ಇಮೇಲೇ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಮ್), ಆರ್ಡರ್ ಮತ್ತು ಪೇಮೆಂಟ್ ಟೇಬಲ್‌ಗಳ ಫಾರಿನ್ ಕೀ (ಆ ಸಾಲಿಗೆ ಕೊಂಡಿ ಹಾಕುವ ಕಾಲಮ್) ಕೂಡ ಅದೇ, ಡೇಟಾ ಕಳೆದುಕೊಳ್ಳದೆ ಐಡಿಗೆ ಹೋಗಬೇಕು ಅಂತ ಕೇಳಿದ್ದೀರಿ, ಅಲ್ವಾ? ಕೀ ಬದಲಾಯಿಸುವುದು ಎರಡು ಸಾಲಿನ ಮಾತು. ತಲೆನೋವೆಲ್ಲ ಆ ಎರಡು ಟೇಬಲ್‌ಗಳದ್ದು.

ಅಂದಹಾಗೆ, ಗ್ರಾಹಕರು ಇಮೇಲ್ ಬದಲಾಯಿಸುತ್ತಾರೆ ಅನ್ನುವುದಷ್ಟೇ ಸಮಸ್ಯೆಯಾದರೆ ಫಾರಿನ್ ಕೀಗೆ ಆನ್ ಅಪ್‌ಡೇಟ್ ಕ್ಯಾಸ್ಕೇಡ್ ಹಾಕಿದರೆ ಸಾಕು, ಉಳಿದ ಟೇಬಲ್‌ಗಳಲ್ಲೂ ಇಮೇಲ್ ತಾನಾಗಿ ಬದಲಾಗುತ್ತದೆ. ಸುಮ್ನೆ ಇಷ್ಟೆಲ್ಲ ಯಾಕೆ?

ಇಲ್ಲ, ಐಡಿಯೇ ಬೇಕು ಅಂದರೆ ಮೊದಲು ಹೊಸದನ್ನು ಸೇರಿಸಿ, ಹಳೆಯದನ್ನು ಕೊನೆಗೆ ತೆಗೆಯಿರಿ. ಗ್ರಾಹಕರ ಟೇಬಲ್‌ಗೆ ತಾನಾಗಿ ಏರುವ ಐಡಿ ಕಾಲಮ್ ಸೇರಿಸಿ. ಬಿಗ್‌ಇಂಟ್ (8 ಬೈಟ್ ಸಂಖ್ಯೆ) ಇರಲಿ, ಸಾಮಾನ್ಯ ಇಂಟ್ 2147483647ಕ್ಕೆ ನಿಂತುಬಿಡುತ್ತದೆ. ಆರ್ಡರ್, ಪೇಮೆಂಟ್ ಎರಡಕ್ಕೂ ಖಾಲಿ ಬಿಡಬಹುದಾದ ಗ್ರಾಹಕ ಐಡಿ ಕಾಲಮ್ ಕೊಡಿ. ಹಳೆಯ ಸಾಲುಗಳನ್ನು ತುಂಬಿಸುವ ಮೊದಲೇ ನಿಮ್ಮ ಕೋಡ್ ಇಮೇಲ್ ಮತ್ತು ಐಡಿ ಎರಡನ್ನೂ ಬರೆಯುವಂತೆ ಮಾಡಿ, ಇಲ್ಲದಿದ್ದರೆ ನೀವು ಹಳೆಯದನ್ನು ತುಂಬಿಸುತ್ತಿರುವಾಗಲೇ ಬರುವ ಹೊಸ ಆರ್ಡರ್‌ಗಳಲ್ಲಿ ಐಡಿ ಖಾಲಿ ಉಳಿಯುತ್ತದೆ. ಆಮೇಲೆ ಇಮೇಲ್ ಮೇಲೆ ಟೇಬಲ್‌ಗಳನ್ನು ಜಾಯಿನ್ ಮಾಡಿ (ಹೊಂದಿಸಿ), ಒಂದಿಷ್ಟಿಷ್ಟೇ ಸಾಲುಗಳನ್ನು ಅಪ್‌ಡೇಟ್ ಮಾಡುತ್ತಾ ಹೋಗಿ. ಒಂದೂ ನಲ್ (ಖಾಲಿ ಜಾಗ) ಉಳಿದಿಲ್ಲ ಅಂತ ಎಣಿಸಿ ನೋಡಿ, ನಾಟ್ ನಲ್ ಹಾಕಿ.

ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಮುಂದಿನದು ಸುಲಭ. ಹಳೆಯ ಫಾರಿನ್ ಕೀ ತೆಗೆಯುವುದು, ಹಳೆಯ ಪ್ರೈಮರಿ ಕೀ ತೆಗೆಯುವುದು, ಐಡಿಯನ್ನು ಪ್ರೈಮರಿ ಕೀ ಮಾಡುವುದು, ಹೊಸ ಫಾರಿನ್ ಕೀ ಹಾಕುವುದು, ಎಲ್ಲವೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗುತ್ತದೆ, ಎಡವಿದರೆ ರೋಲ್‌ಬ್ಯಾಕ್, ಅಂದರೆ ಎಲ್ಲ ಮೊದಲಿನಂತೆ. ಟೇಬಲ್ ದೊಡ್ಡದಿದ್ದರೆ ಐಡಿ ಮೇಲೆ ಯುನಿಕ್ ಇಂಡೆಕ್ಸ್ ಅನ್ನು ಮೊದಲೇ ಕನ್‌ಕರೆಂಟ್ ಆಗಿ (ಬರೆಯುವುದನ್ನು ತಡೆಯದೆ) ಕಟ್ಟಿಟ್ಟುಕೊಳ್ಳಿ, ಟೇಬಲ್ ಲಾಕ್ ಆಗಿರುವ ಹೊತ್ತು ಕಡಿಮೆಯಾಗುತ್ತದೆ. ಯಾವುದಾದರೂ ಫಾರಿನ್ ಕೀ ಇನ್ನೂ ಉಳಿದಿದ್ದರೆ, ಪ್ರೈಮರಿ ಕೀ ತೆಗೆಯಲು ಹೋದಾಗ ಪೋಸ್ಟ್‌ಗ್ರೆಸ್ ತಕರಾರು ಮಾಡಿ ಡ್ರಾಪ್ ಜೊತೆ ಕ್ಯಾಸ್ಕೇಡ್ ಬಳಸಿ ಅನ್ನುತ್ತದೆ. ಬಳಸಬೇಡಿ. ಅದು ಆ ಕೀಯನ್ನು ನೆಚ್ಚಿಕೊಂಡ ಎಲ್ಲ ಟೇಬಲ್‌ಗಳ ಫಾರಿನ್ ಕೀಗಳನ್ನೂ ಕಿತ್ತುಹಾಕುತ್ತದೆ, ನಿಮಗೆ ನೆನಪಿಲ್ಲದ ಟೇಬಲ್‌ನದ್ದನ್ನೂ.

ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಆಲ್ಟರ್ (ಟೇಬಲ್ ರಚನೆ ಬದಲಾಯಿಸುವ ಆದೇಶ) ತಾನೇ ಕಮಿಟ್ ಆಗುತ್ತದೆ, ರೋಲ್‌ಬ್ಯಾಕ್ ನಂಬಬೇಡಿ. ಹಳೆಯ ಪ್ರೈಮರಿ ಕೀ ತೆಗೆಯುವುದು, ಹೊಸದು ಹಾಕುವುದು ಎರಡನ್ನೂ ಒಂದೇ ಆಲ್ಟರ್‌ನಲ್ಲಿ ಬರೆಯಿರಿ. ಮೈಎಸ್‌ಕ್ಯೂಎಲ್ ಡೇಟಾ ಇಡಲು ಬಳಸುವ ಇನ್ನೋಡಿಬಿ ಎಂಜಿನ್ ಸಾಲುಗಳನ್ನು ಪ್ರೈಮರಿ ಕೀ ಕ್ರಮದಲ್ಲೇ ಇಡುವುದರಿಂದ ಇಡೀ ಟೇಬಲ್ ಮತ್ತೆ ಕಟ್ಟಬೇಕಾಗುತ್ತದೆ. ಅಷ್ಟು ಜಾಗ ಡಿಸ್ಕ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಉಳಿದ ಪ್ರತಿ ಇಂಡೆಕ್ಸ್‌ನಲ್ಲೂ ಪ್ರೈಮರಿ ಕೀ ಸೇರಿಕೊಂಡಿರುತ್ತದೆ, ಹಾಗಾಗಿ ಉದ್ದದ ಇಮೇಲ್ ಬದಲು 8 ಬೈಟ್ ಬಂದರೆ ಅವೂ ಚಿಕ್ಕದಾಗುತ್ತವೆ.

ಇಮೇಲ್ ಮೇಲೆ ಯುನಿಕ್, ನಾಟ್ ನಲ್ ಎರಡೂ ಹಾಕುವುದನ್ನು ಮರೆಯಬೇಡಿ, ಮರೆತರೆ ಒಬ್ಬರಿಗೇ ಎರಡು ಖಾತೆ ಆಗಿಬಿಡುತ್ತದೆ. ಆರ್ಡರ್ ಟೇಬಲ್‌ನ ಇಮೇಲ್ ಕಾಲಮ್ ಅನ್ನು ಅವತ್ತೇ ಅಳಿಸಬೇಡಿ. ಯಾವುದೋ ಹಳೆಯ ರಿಪೋರ್ಟ್ ಅದನ್ನೇ ಓದುತ್ತಿರುತ್ತದೆ.