ಲಿನಕ್ಸ್‌ನಲ್ಲಿ ವಿಡಿಯೊ ಕರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಆ ಬಳಿಕ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿಕೊಂಡ ಓದುಗರು ಬರೆದ ಪತ್ರಗಳಲ್ಲಿ ವಿಡಿಯೊ ಕರೆಯ ದೂರೇ ಎದ್ದು ಕಾಣುತ್ತಿದೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹೊಂದುವುದಿಲ್ಲವೆಂದು ಎಸ್.ಪಿ. ರಸ್ತೆಯ ಅಂಗಡಿಯವರು ಲಿನಕ್ಸ್ ಮಿಂಟ್ ಹಾಕಿಕೊಟ್ಟರು. ಪತ್ರಿಕೆ ಓದುವುದಕ್ಕೆ, ಬಿಲ್ ಕಟ್ಟುವುದಕ್ಕೆ ಎಲ್ಲ ಸೊಗಸಾಗಿದೆ. ಆದರೆ ಅಮೆರಿಕದಲ್ಲಿರುವ ಮಗಳೊಂದಿಗೆ ಮೊದಲು ಇದೇ ಯಂತ್ರದಲ್ಲಿ ವಾಟ್ಸಾಪ್ ವಿಡಿಯೊ ಕರೆ ಮಾಡುತ್ತಿದ್ದೆ, ಈಗ ಆ ಅಪ್ಲಿಕೇಶನ್ನೇ ಸಿಗುತ್ತಿಲ್ಲ. ಲಿನಕ್ಸ್‌ಗೆ ಆ ಶಕ್ತಿ ಇಲ್ಲವೇ?
— ರಾಜಾಜಿನಗರದ ಓದುಗರು

ಉತ್ತರ: ಕೊರತೆ ಲಿನಕ್ಸ್‌ನದಲ್ಲ. ವಾಟ್ಸಾಪ್‌ನ ಒಡೆತನ ಹೊಂದಿರುವ ಮೆಟಾ ಸಂಸ್ಥೆಯು ಕರೆ ಮಾಡಬಲ್ಲ ಅಪ್ಲಿಕೇಶನ್ನನ್ನು ವಿಂಡೋಸ್‌ಗೂ ಮ್ಯಾಕ್‌ಗೂ ಸಿದ್ಧಪಡಿಸಿ ಕೊಟ್ಟಿದೆ, ಲಿನಕ್ಸ್‌ಗೆ ಕೊಟ್ಟಿಲ್ಲ. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ವಾಟ್ಸಾಪ್ ವೆಬ್ ಕೂಡ ಬಹುಕಾಲ ಕರೆಯ ಸೌಲಭ್ಯವಿಲ್ಲದೆ ಬರಿಯ ಸಂದೇಶಗಳಿಗೆ ಸೀಮಿತವಾಗಿತ್ತು. ನಿಮ್ಮ ವಾಟ್ಸಾಪ್ ವೆಬ್‌ನಲ್ಲಿ ಮಗಳ ಸಂಭಾಷಣೆಯನ್ನು ತೆರೆದಾಗ ಕ್ಯಾಮೆರಾದ ಚಿಹ್ನೆ ಕಂಡರೆ ಒತ್ತಿ ನೋಡಿ. ಕಾಣದಿದ್ದರೆ ಅಂಗಡಿಯವರನ್ನು ಕೇಳಿ ಫಲವಿಲ್ಲ. ಮಿಂಟ್‌ನ ಸಾಫ್ಟ್‌ವೇರ್ ಸಂಗ್ರಹದಲ್ಲಿ ವಾಟ್ಸಾಪ್ ಎಂಬ ಹೆಸರು ಸೇರಿಸಿಕೊಂಡು ಕಾಣಿಸುವ ಅಪ್ಲಿಕೇಶನ್‌ಗಳು ಬೇರೆಯವರು ಕಟ್ಟಿದಂಥವು. ಅವುಗಳ ಒಳಗಿರುವುದು ಅದೇ ವಾಟ್ಸಾಪ್ ವೆಬ್ ಆದ್ದರಿಂದ, ಅದರಲ್ಲಿ ಇಲ್ಲದ್ದು ಇವುಗಳಲ್ಲಿಯೂ ಇರುವುದಿಲ್ಲ.

ಮಗಳು ಐಫೋನ್ ಬಳಸುತ್ತಿದ್ದರೆ ಫೇಸ್‌ಟೈಮ್ ಎಂಬ ಇನ್ನೊಂದು ದಾರಿಯ ಯೋಚನೆ ನಿಮಗೆ ಬರಬಹುದು. ಫೇಸ್‌ಟೈಮ್ ಕರೆಗೆ ಹೊರಗಿನವರು ಲಿಂಕ್ ಮೂಲಕ ಬ್ರೌಸರ್‌ನಲ್ಲಿ ಸೇರಿಕೊಳ್ಳುವ ಅವಕಾಶವನ್ನು ಆಪಲ್ 2021ರಲ್ಲಿ ಕಲ್ಪಿಸಿತು. ಆದರೆ ಅದು ಹೆಸರಿಸುವುದು ಆಂಡ್ರಾಯ್ಡ್ ಮತ್ತು ವಿಂಡೋಸ್ ಎರಡನ್ನು ಮಾತ್ರ. ಲಿನಕ್ಸ್‌ನ ಹೆಸರನ್ನು ಎತ್ತುವುದೇ ಇಲ್ಲ. ಕಂಪನಿ ಹೊಣೆ ಹೊರದ ದಾರಿಯನ್ನು ವಾರವಾರವೂ ಮಾಡಬೇಕಾದ ಕರೆಗೆ ನಂಬಿಕೊಳ್ಳಬೇಡಿ ಎಂದೇ ನಮ್ಮ ಸಲಹೆ.

ನೀವು ನಂಬಿಕೊಳ್ಳಬಹುದಾದದ್ದು ಬ್ರೌಸರ್. ಕ್ಯಾಮೆರಾ, ಮೈಕು, ಧ್ವನಿ, ಚಿತ್ರ ಇವೆಲ್ಲವನ್ನೂ ಬೇರೆ ಯಾವ ಅಪ್ಲಿಕೇಶನ್ನೂ ಇಲ್ಲದೆ ಬ್ರೌಸರ್ ತಾನೇ ನಿಭಾಯಿಸುವಂತೆ ಮಾಡುವ ವೆಬ್‌ಆರ್‌ಟಿಸಿ ಎಂಬ ತಂತ್ರಜ್ಞಾನವನ್ನು ಗೂಗಲ್ 2011ರಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಿತು. 2021ರ ಜನವರಿಯಲ್ಲಿ ಅದು ಅಧಿಕೃತ ವೆಬ್ ಮಾನದಂಡವಾಯಿತು. ಗೂಗಲ್ ಮೀಟ್, ಜಿಟ್ಸಿ ಮೀಟ್ ಮುಂತಾದವು ನಡೆಯುವುದು ಇದರ ಮೇಲೆಯೇ ಆದ್ದರಿಂದ, ಕೆಳಗಿರುವುದು ವಿಂಡೋಸೋ ಲಿನಕ್ಸೋ ಎಂಬುದು ಅವುಗಳಿಗೆ ಬಹುಮಟ್ಟಿಗೆ ಅಮುಖ್ಯ. ಮಗಳಿಗೆ ಹೇಳಿ ಮೀಟ್‌ನಲ್ಲಿ ಒಂದು ಲಿಂಕ್ ಮಾಡಿಸಿಕೊಳ್ಳಿ, ಅದನ್ನು ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ, ಪ್ರತಿ ಬಾರಿಯೂ ಅದನ್ನೇ ಒತ್ತಿ ಒಳಗೆ ಹೋಗಿ. ಮೊದಲ ಸಲ ವಿಳಾಸಪಟ್ಟಿಯ ಬಳಿ ಪುಟ್ಟ ಚೌಕವೊಂದು ತೆರೆದು ಕ್ಯಾಮೆರಾ ಮತ್ತು ಮೈಕಿಗೆ ಅನುಮತಿ ಕೇಳುತ್ತದೆ. ಗಾಬರಿಯಲ್ಲಿ ಅದನ್ನು ನಿರಾಕರಿಸಿ, ಮರುದಿನ ಕ್ಯಾಮೆರಾ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವವರು ಬಹಳ ಮಂದಿ ಇದ್ದಾರೆ. ಹಾಗಾದಲ್ಲಿ ವಿಳಾಸದ ಎಡಕ್ಕಿರುವ ಚಿಹ್ನೆಯನ್ನು ಒತ್ತಿ ಅನುಮತಿಯನ್ನು ಮರಳಿ ಕೊಡಬಹುದು. ಫೋನಿನಲ್ಲಿ ಇರುವಂತೆ ಗಂಟೆ ಬಾರಿಸುವ ಕರೆಯೇ ಬೇಕೆಂದರೆ ಸಿಗ್ನಲ್ ಮತ್ತು ಟೆಲಿಗ್ರಾಂ ಎರಡೂ ಲಿನಕ್ಸ್‌ಗೆಂದೇ ಅಧಿಕೃತ ಅಪ್ಲಿಕೇಶನ್ ಒದಗಿಸುತ್ತವೆ. ಎರಡರಲ್ಲಿಯೂ ವಿಡಿಯೊ ಕರೆ ಇದೆ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇವೆ. ಕರೆ ನಡೆಯುವಾಗ ಫ್ಯಾನು ವಿಂಡೋಸ್ ಇದ್ದಾಗಿನದಕ್ಕಿಂತ ಹೆಚ್ಚು ಸದ್ದು ಮಾಡಬಹುದು. ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಕೆಲಸವನ್ನು ಬೇರೆಡೆ ಗ್ರಾಫಿಕ್ಸ್ ಚಿಪ್ ಹೊತ್ತುಕೊಳ್ಳುತ್ತದೆ. ಲಿನಕ್ಸ್‌ನ ಬ್ರೌಸರ್‌ಗಳು ಅದನ್ನು ಅನೇಕ ಯಂತ್ರಗಳಲ್ಲಿ ಮುಖ್ಯ ಪ್ರೊಸೆಸರ್‌ನ ತಲೆಗೇ ಕಟ್ಟುತ್ತವೆ. ಮೀಟ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಗುಣಮಟ್ಟವನ್ನು ಒಂದು ಹಂತ ಇಳಿಸಿದರೆ ಹಳೆಯ ಯಂತ್ರ ನಿರಾಳವಾಗುತ್ತದೆ.

ಪ್ರಶ್ನೆ: ಕಚೇರಿಯ ಸಭೆಯಲ್ಲಿ ನಾನು ಪರದೆ ಹಂಚಿಕೊಂಡರೆ ಎದುರಿನವರಿಗೆ ಕಪ್ಪು ಚೌಕವಷ್ಟೇ ಕಾಣುತ್ತದೆ, ಕೆಲವೊಮ್ಮೆ ಒಂದೆರಡು ವಿಂಡೊ ಮಾತ್ರ ಕಂಡು ಉಳಿದವು ಮಾಯವಾಗುತ್ತವೆ. ನಾನು ಬಳಸುವುದು ಉಬುಂಟು 22.04 ಎಂಬ ಲಿನಕ್ಸ್. ಪಕ್ಕದ ಮೇಜಿನ ವಿಂಡೋಸ್‌ನಲ್ಲಿ ಈ ಗೋಳಿಲ್ಲ.
— ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಉತ್ತರ: ನೀವು ಹೇಳಿದ ಎರಡನೆಯ ಲಕ್ಷಣ, ಅಂದರೆ ಕೆಲವು ವಿಂಡೊಗಳು ಮಾತ್ರ ಕಾಣುವುದು, ರೋಗವನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಹೊಣೆಯನ್ನು ದಶಕಗಳ ಕಾಲ ಎಕ್ಸ್ 11 ಎಂಬ ವ್ಯವಸ್ಥೆ ಹೊತ್ತಿತ್ತು. 1987ರಷ್ಟು ಹಳೆಯದಾದ ಈ ವ್ಯವಸ್ಥೆ ನಮ್ಮ ಹಳೆಯ ಬೆಂಗಳೂರಿನ ವಠಾರದಂತೆ: ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಯಾವ ಅಪ್ಲಿಕೇಶನ್ ಬೇಕಾದರೂ ಇಡೀ ಪರದೆಯನ್ನು ಯಾರನ್ನೂ ಕೇಳದೆ ನೋಡಬಹುದಾಗಿತ್ತು, ನೀವು ಒತ್ತುವ ಕೀಲಿಗಳನ್ನು ಸಹ. ಪರದೆ ಹಂಚಿಕೊಳ್ಳುವುದಕ್ಕೆ ಇದು ಸಲೀಸು. ಪಾಸ್‌ವರ್ಡ್ ಕದಿಯುವುದಕ್ಕೂ ಅಷ್ಟೇ ಸಲೀಸು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಒಂದು ಅಪ್ಲಿಕೇಶನ್‌ಗೆ ಇನ್ನೊಂದರ ವಿಂಡೊ ಕಾಣುವುದಿಲ್ಲ. ಪರದೆ ಬೇಕೆಂದರೆ ಅದು ಪೋರ್ಟಲ್ ಎಂಬ ಮಧ್ಯವರ್ತಿಯ ಮೂಲಕ ನಿಮ್ಮನ್ನು ಕೇಳಬೇಕು, ಯಾವ ಪರದೆ ಅಥವಾ ಯಾವ ವಿಂಡೊ ಎಂಬುದನ್ನು ನೀವು ಆರಿಸಬೇಕು, ಆಮೇಲೆ ಪೈಪ್‌ವೈರ್ ಎಂಬ ಸೇವೆ ಆ ಚಿತ್ರವನ್ನು ಅಪ್ಲಿಕೇಶನ್‌ಗೆ ತಲುಪಿಸುತ್ತದೆ. ಬಹುತೇಕ ಯಂತ್ರಗಳಲ್ಲಿ ಉಬುಂಟು 22.04 ತಾನಾಗಿಯೇ ಆರಿಸಿಕೊಳ್ಳುವುದು ಈ ವೇಲ್ಯಾಂಡನ್ನೇ.

ನಿಮ್ಮ ಸಭೆಯ ಅಪ್ಲಿಕೇಶನ್ ಹಳೆಯ ಪದ್ಧತಿಯದಾಗಿದ್ದರೆ ಅದಕ್ಕೆ ಪೋರ್ಟಲ್ ಬಾಗಿಲು ತಟ್ಟುವುದು ಗೊತ್ತಿರುವುದಿಲ್ಲ. ಅದು ತನ್ನಂತೆಯೇ ಹಳೆಯ ಪದ್ಧತಿಯಲ್ಲಿ ಓಡುತ್ತಿರುವ ವಿಂಡೊಗಳನ್ನು ಮಾತ್ರ ನೋಡಬಲ್ಲದು. ಉಳಿದ ಜಾಗವೆಲ್ಲ ಅದಕ್ಕೆ ಕಪ್ಪು. ಜನಪ್ರಿಯ ಅಪ್ಲಿಕೇಶನ್‌ಗಳೂ ಈ ಬದಲಾವಣೆಗೆ ನಿಧಾನವಾಗಿಯೇ ಒಗ್ಗಿಕೊಂಡವು. ಪರದೆ ಹಂಚಲು ಜೂಮ್ ಬಳಸುತ್ತಿದ್ದದ್ದು ಉಬುಂಟುವಿನಲ್ಲಿಯೂ ಇರುವ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ಸ್ಕ್ರೀನ್‌ಶಾಟ್ ದಾರಿಯನ್ನು. 2021ರಲ್ಲಿ ಭದ್ರತೆಯ ಕಾರಣಕ್ಕೆ ಗ್ನೋಮ್ ಆ ದಾರಿಯನ್ನು ಮುಚ್ಚಿದಾಗ ಬಳಕೆದಾರರು ಕೆಲಕಾಲ ಪರದಾಡಬೇಕಾಯಿತು, ಪೈಪ್‌ವೈರ್ ಬೆಂಬಲ ಆಮೇಲೆ ಬಂತು.

ಆದ್ದರಿಂದ ಮೊದಲು ಅಪ್ಲಿಕೇಶನ್ ಬಿಟ್ಟು ಅದೇ ಸಭೆಯನ್ನು ಹೊಸ ಆವೃತ್ತಿಯ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಸೇರಿ ನೋಡಿ. ಕ್ರೋಮ್‌ನಲ್ಲಿ ಒಮ್ಮೆ ಬ್ರೌಸರ್, ಇನ್ನೊಮ್ಮೆ ಲಿನಕ್ಸ್ ಎಂದು ಎರಡು ಸಲ ಯಾವ ಪರದೆ ಎಂದು ಕೇಳಬಹುದು. ಕಿರಿಕಿರಿಯೆನಿಸಿದರೂ ಎರಡಕ್ಕೂ ಉತ್ತರಿಸಲೇಬೇಕು. ಕಚೇರಿಯವರು ಅಪ್ಲಿಕೇಶನ್ನೇ ಬೇಕೆಂದು ಪಟ್ಟು ಹಿಡಿದರೆ, ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರನ್ನು ಆರಿಸಿದ ಮೇಲೆ ಕೆಳಮೂಲೆಯಲ್ಲಿ ಕಾಣುವ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿ 'ಉಬುಂಟು ಆನ್ ಕ್ಸಾರ್ಗ್' (ಅಂದರೆ ಹಳೆಯ ಎಕ್ಸ್ 11) ಎಂಬುದನ್ನು ಆರಿಸಿ ಒಳಗೆ ಹೋಗಿ. ಇದು ತಾತ್ಕಾಲಿಕ ಪರಿಹಾರ ಮಾತ್ರ. ಉಬುಂಟು 25.10ರಲ್ಲಿ ಈ ಆಯ್ಕೆಯನ್ನೇ ತೆಗೆದುಹಾಕಲಾಗಿದೆ.

ಇಷ್ಟಾದರೂ ಪಕ್ಕದ ಮೇಜಿಗೆ ಸಮನಾಗದ ಒಂದು ಅಂಶ ಉಳಿಯುತ್ತದೆ. ವಿಂಡೋಸ್‌ನ ಕ್ರೋಮ್ ಪರದೆಯ ಜೊತೆಗೆ ಇಡೀ ಯಂತ್ರದ ಧ್ವನಿಯನ್ನೂ ಹಂಚಬಲ್ಲದು; ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಟ್ಯಾಬ್‌ನ ಧ್ವನಿಯಷ್ಟೇ ಹೋಗುತ್ತದೆ. ಸಭೆಯಲ್ಲಿ ವಿಡಿಯೊ ತೋರಿಸಬೇಕಿದ್ದರೆ ಅದನ್ನು ಒಂದು ಟ್ಯಾಬ್‌ನಲ್ಲಿ ತೆರೆದು ಆ ಟ್ಯಾಬನ್ನೇ ಹಂಚಿಕೊಳ್ಳಿ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಹೊಸದಾಗಿ ಕೊಂಡ ತೆಳ್ಳನೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದೆ. ಕ್ಯಾಮೆರಾ ಇದೆ ಎಂಬುದೇ ಅದಕ್ಕೆ ತಿಳಿಯುತ್ತಿಲ್ಲ. ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಏನೂ ಮಾಡದೆಯೇ ಕೆಲಸ ಮಾಡುತ್ತದೆ. ಹೊಸದರಲ್ಲಿ ಹೀಗೇಕೆ?
— ವಿಜಯನಗರದ ಓದುಗರು

ಉತ್ತರ: ಹಳೆಯದರಲ್ಲಿ ಕೆಲಸ ಮಾಡಿ ಹೊಸದರಲ್ಲಿ ಮಾಡದಿರುವುದು ವಿಚಿತ್ರವೆನಿಸಿದರೂ ಕಾರಣ ಸರಳ. ನಿಮ್ಮ ಅಣ್ಣನ ಯಂತ್ರದ ಕ್ಯಾಮೆರಾ ಯುವಿಸಿ ಎಂಬ ಯುಎಸ್‌ಬಿ ಮಾನದಂಡವನ್ನು ಪಾಲಿಸುತ್ತದೆ. ಆ ಮಾನದಂಡಕ್ಕೆ ಬೇಕಾದ ಚಾಲಕ ತಂತ್ರಾಂಶ 2008ರಿಂದಲೂ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇದೆ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ತಯಾರಕರು ಫೋನಿನಲ್ಲಿರುವಂಥ ಬರಿಯ ಸಂವೇದಕವನ್ನು ಕೂರಿಸಿ, ಬಣ್ಣ ಹೊಂದಿಸುವ, ಬೆಳಕು ತಿದ್ದುವ ಕೆಲಸವನ್ನು ಇಂಟೆಲ್ ಪ್ರೊಸೆಸರ್‌ನ ಒಳಗಿನ ಐಪಿಯು6 ಎಂಬ ಘಟಕಕ್ಕೆ ಬಿಡುತ್ತಾರೆ. ಸಂವೇದಕದಿಂದ ಬರುವುದು ಹಸಿ ದತ್ತಾಂಶ. ಅದನ್ನು ಚಿತ್ರವಾಗಿಸುವ ವಿದ್ಯೆ ಬಹುಕಾಲ ಇಂಟೆಲ್‌ನ ಮುಚ್ಚಿದ ತಂತ್ರಾಂಶದಲ್ಲಿತ್ತು. ಆ ದತ್ತಾಂಶವನ್ನು ಪಡೆದುಕೊಳ್ಳುವ ಚಾಲಕ 2024ರ ಜುಲೈನಲ್ಲಿ ಬಂದ ಕರ್ನಲ್ 6.10ರಲ್ಲಿ ಸೇರಿತು, ಚಿತ್ರವಾಗಿಸುವ ಕೆಲಸವನ್ನು ಲಿಬ್‌ಕ್ಯಾಮೆರಾ ಎಂಬ ಮುಕ್ತ ಯೋಜನೆ ಪ್ರೊಸೆಸರ್ ಬಳಸಿ ಮಾಡುತ್ತಿದೆ. ಆದ್ದರಿಂದ ಹೊಸ ಕರ್ನಲ್ ಇರುವ ಲಿನಕ್ಸ್ ಹಂಚಿಕೆಯನ್ನು (ಉಬುಂಟು, ಮಿಂಟ್‌ನಂಥ ಲಿನಕ್ಸ್‌ನ ಒಂದು ಬಗೆಯನ್ನು) ಪೆನ್‌ಡ್ರೈವ್‌ನಿಂದ ಚಲಾಯಿಸಿ ನೋಡಿ. ಆಗಲೂ ಆಗದಿದ್ದರೆ, ಪೆಟ್ಟಿಗೆಯ ಮೇಲೆ ಯುವಿಸಿ ಎಂದು ಬರೆದಿರುವ ಸಾಧಾರಣ ಯುಎಸ್‌ಬಿ ವೆಬ್‌ಕ್ಯಾಮ್ ಕೊಂಡು ಚುಚ್ಚಿ. ನಿಮ್ಮ ಸಂದರ್ಶನದ ಹೊತ್ತಿಗೆ ಅದು ಕೈ ಕೊಡುವುದಿಲ್ಲ.

ಇನ್ನು ಲ್ಯಾಪ್‌ಟಾಪ್ ಕೊಳ್ಳಲಿರುವ ಓದುಗರಿಗೆ ಇಲ್ಲಿಯೇ ಒಂದು ಸೂಚನೆ. ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಅಂಗಡಿಗೇ ಒಯ್ದು, ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಚಲಾಯಿಸಲು ಅನುಮತಿ ಕೇಳಿ, ಕ್ಯಾಮೆರಾ ತೆರೆದು ನೋಡಿಯೇ ದುಡ್ಡು ಕೊಡಿ. ಉಬುಂಟು ತಯಾರಿಸುವ ಕೆನೋನಿಕಲ್ ಸಂಸ್ಥೆಯು ತಾನು ಪರೀಕ್ಷಿಸಿ ಪ್ರಮಾಣೀಕರಿಸಿದ ಡೆಲ್, ಎಚ್‌ಪಿ, ಲೆನೊವೊ ಮಾದರಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅಂಗಡಿಯವರು ಒಪ್ಪದಿದ್ದರೆ ಆ ಪಟ್ಟಿಯನ್ನಾದರೂ ನೋಡಿಕೊಳ್ಳಿ.

ಪ್ರಶ್ನೆ: ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತದೆ, ಕರೆ ಶುರುವಾದ ಕೂಡಲೇ ಹಳೆಯ ರೇಡಿಯೊದಂತಾಗುತ್ತದೆ. ಇದೂ ಲಿನಕ್ಸ್‌ನ ದೋಷವೇ?
— ಮಲ್ಲೇಶ್ವರದ ಓದುಗರು

ಉತ್ತರ: ಅಲ್ಲ. ಹಾಡು ಕೇಳುವಾಗ ಧ್ವನಿ ಒಂದೇ ದಿಕ್ಕಿನಲ್ಲಿ ಹರಿಯುವ ವಿಧಾನವೊಂದನ್ನೂ, ಮೈಕು ಬೇಕಾದಾಗ ಎರಡೂ ದಿಕ್ಕಿನಲ್ಲಿ ಹರಿಯುವ, ಆದರೆ ಗುಣಮಟ್ಟ ಕಡಿಮೆಯಿರುವ ಇನ್ನೊಂದನ್ನೂ ಬ್ಲೂಟೂತ್ ಬಳಸುತ್ತದೆ. ಬೇರೆ ಕಾರ್ಯವ್ಯವಸ್ಥೆಗಳಲ್ಲಿಯೂ ಈ ಇಳಿಕೆ ಇದ್ದೇ ಇದೆ. ಧ್ವನಿಯ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಸೆಟ್‌ನ ಪ್ರೊಫೈಲ್ ಎಂಬ ಕಡೆ ಎಂಎಸ್‌ಬಿಸಿ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ. ಅದು ಸೆಕೆಂಡಿಗೆ 8 ಸಾವಿರದ ಬದಲು 16 ಸಾವಿರ ಮಾದರಿಗಳನ್ನು ಕಳುಹಿಸುವುದರಿಂದ ಮಾತು ಸ್ಪಷ್ಟವಾಗುತ್ತದೆ. ಅದಕ್ಕಿಂತ ಸುಲಭದ ದಾರಿಯೆಂದರೆ ಕೇಳುವುದಕ್ಕೆ ಹೆಡ್‌ಸೆಟ್ಟನ್ನೂ ಮಾತನಾಡುವುದಕ್ಕೆ ಲ್ಯಾಪ್‌ಟಾಪ್‌ನ ಮೈಕನ್ನೂ ಆರಿಸಿಕೊಳ್ಳುವುದು.

ಪ್ರಶ್ನೆ: ಮನೆಯಿಂದ ಸಂಗೀತ ಪಾಠ ಹೇಳಿಕೊಡುತ್ತೇನೆ. ನನ್ನ ಹಿಂದಿರುವ ಅಡುಗೆಮನೆಯನ್ನು ಮಸುಕಾಗಿಸಲು ಲಿನಕ್ಸ್‌ನಲ್ಲಿ ಸಾಧ್ಯವೇ?
— ಬನಶಂಕರಿಯ ಓದುಗರು

ಉತ್ತರ: ಸಾಧ್ಯ. ಕ್ರೋಮ್‌ನಲ್ಲಿ ತೆರೆದ ಮೀಟ್‌ನಲ್ಲಿ ಈ ಸೌಲಭ್ಯ ಇದೆ. ಆದರೆ ವಿಂಡೋಸ್‌ನ ಹೊಸ ಎಐ ಯಂತ್ರಗಳಲ್ಲಿ ಹಿನ್ನೆಲೆ ಮಸುಕಾಗಿಸುವ ಕೆಲಸವನ್ನು ಅದಕ್ಕೆಂದೇ ಇರುವ ಚಿಪ್ ಮಾಡುವುದರಿಂದ ಯಂತ್ರ ಬಿಸಿಯಾಗುವುದಿಲ್ಲ, ಯಾವ ಅಪ್ಲಿಕೇಶನ್‌ನಲ್ಲಾದರೂ ಅದು ದೊರೆಯುತ್ತದೆ. ಅಂಥ ಸಿದ್ಧ ವ್ಯವಸ್ಥೆ ಲಿನಕ್ಸ್‌ನಲ್ಲಿಲ್ಲ. ಪಾಠದ ನಡುವೆ ಧ್ವನಿ ತಡವರಿಸಿದರೆ ಮೊದಲು ಆಫ್ ಮಾಡಬೇಕಾದದ್ದು ಈ ಮಸುಕನ್ನೇ. ನಿಮ್ಮ ಕೆಲಸಕ್ಕೆ ಧ್ವನಿ ಮುಖ್ಯವಾದ್ದರಿಂದ, ಹಿಂದೆ ಒಂದು ಪರದೆ ಬಟ್ಟೆ ಇಳಿಬಿಡುವುದು ಮೇಲೆಂದು ನಮಗನಿಸುತ್ತದೆ. ಗದ್ದಲ ತಗ್ಗಿಸುವ ಆಯ್ಕೆಯನ್ನು ಸಹ ಆಫ್ ಮಾಡಿಬಿಡಿ, ಇಲ್ಲವಾದರೆ ಅದು ತಂಬೂರಿಯ ಶ್ರುತಿಯನ್ನೇ ಗದ್ದಲವೆಂದು ನುಂಗಿಬಿಡುತ್ತದೆ.

ಪ್ರಶ್ನೆ: ಲಿನಕ್ಸ್‌ಗೂ ಸಮಾನ ಸೌಲಭ್ಯವುಳ್ಳ ಅಪ್ಲಿಕೇಶನ್ ಕೊಡಿ ಎಂದು ವಿಡಿಯೊ ಕರೆಯ ಕಂಪನಿಗಳಿಗೆ ನಾವು ಕೆಲವು ಸಹೋದ್ಯೋಗಿಗಳು ಮನವಿ ಬರೆಯಬೇಕೆಂದಿದ್ದೇವೆ. ಇಂಥದ್ದಕ್ಕೆ ಬೆಲೆ ಇದೆಯೇ?
— ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಬರೆಯಿರಿ, ಆದರೆ ಬೇಡಿಕೆಯನ್ನು ಬದಲಿಸಿ. ಅಪ್ಲಿಕೇಶನ್ ಬೇಡುವವರ ಅನುಭವ ಇದುವರೆಗೆ ಅಷ್ಟೇನೂ ಒಳ್ಳೆಯದಲ್ಲ. ಜಿಮೇಲ್‌ನ ವಿಡಿಯೊ ಮಾತುಕತೆ ವಿಂಡೋಸ್ ಮತ್ತು ಮ್ಯಾಕ್‌ಗೆ 2008ರ ನವೆಂಬರ್‌ನಲ್ಲಿ ಬಂದರೆ ಲಿನಕ್ಸ್‌ಗೆ ಬಂದದ್ದು 2010ರ ಆಗಸ್ಟ್‌ನಲ್ಲಿ. ಮೈಕ್ರೋಸಾಫ್ಟ್ 2019ರ ಡಿಸೆಂಬರ್‌ನಲ್ಲಿ ಟೀಮ್ಸ್‌ನ ಲಿನಕ್ಸ್ ಆವೃತ್ತಿಯನ್ನು ಪ್ರಯೋಗಾರ್ಥ ಬಿಡುಗಡೆ ಮಾಡಿ, 2022ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಿ, ಬ್ರೌಸರ್ ಮೂಲಕ ಸ್ಥಾಪಿಸಿಕೊಳ್ಳುವ ರೂಪಕ್ಕೆ ಎಲ್ಲರನ್ನೂ ಕಳುಹಿಸಿತು. ಲಿನಕ್ಸ್ ಡೆಸ್ಕ್‌ಟಾಪ್‌ನ ಪಾಲು ಶೇ 4ನ್ನು ದಾಟಿದ್ದು ವೆಬ್ ಬಳಕೆಯ ಅಂಕಿಅಂಶ ಕಲೆಹಾಕುವ ಸ್ಟ್ಯಾಟ್‌ಕೌಂಟರ್‌ನ ಲೆಕ್ಕದಲ್ಲಿ 2024ರ ಫೆಬ್ರವರಿಯಲ್ಲಿ. ಇಷ್ಟು ಸಣ್ಣ ಪಾಲಿಗೆ, ಅದೂ ಹತ್ತಾರು ಹಂಚಿಕೆಗಳಾಗಿ ಒಡೆದಿರುವ ಪಾಲಿಗೆ, ಕಂಪನಿಯೊಂದು ಒಲ್ಲದ ಮನಸ್ಸಿನಿಂದ ಅಪ್ಲಿಕೇಶನ್ ಕೊಟ್ಟರೂ ಅದು ಎರಡು ವರ್ಷ ಹಿಂದೆಯೇ ನಡೆಯುತ್ತದೆ.

ಅದಕ್ಕಿಂತ ಬ್ರೌಸರ್ ಆವೃತ್ತಿಯಲ್ಲಿಯೇ ಎಲ್ಲ ಸೌಲಭ್ಯ ಇರಲಿ ಎಂದು ಕೇಳಿ. ಕೆಲವು ಸೇವೆಗಳು ಕಾರ್ಯವ್ಯವಸ್ಥೆಯ ಹೆಸರನ್ನು ನೋಡಿಯೇ 'ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ' ಎಂಬ ಫಲಕ ತೋರಿಸಿ ಬಾಗಿಲು ಮುಚ್ಚುತ್ತವೆ. ಹೆಸರನ್ನು ಮರೆಮಾಚಿ ಹೋದರೆ ಅದೇ ಕರೆ ನಿರಾತಂಕವಾಗಿ ನಡೆಯುವುದೂ ಉಂಟು. ಇಂಥ ತಡೆಯನ್ನು ತೆಗೆಯಲು ಕಂಪನಿಗೆ ಹೊಸ ಅಪ್ಲಿಕೇಶನ್ ಬರೆಯುವ ಖರ್ಚಿಲ್ಲ. ಮನವಿಯನ್ನು ಕಂಪನಿಗೆ ಕಳುಹಿಸುವ ಮುಂಚೆ ನಿಮ್ಮ ಕಚೇರಿಯ ಖರೀದಿ ವಿಭಾಗಕ್ಕೆ ಕೊಡಿ. ವರ್ಷಕ್ಕೆ ಸಾವಿರಾರು ಪರವಾನಗಿ ಕೊಳ್ಳುವ ಕಚೇರಿಗಳು ನಮ್ಮ ಊರಿನಲ್ಲಿ ಬೀದಿಬೀದಿಗೂ ಇವೆ, ಮತ್ತು ನವೀಕರಣದ ಒಪ್ಪಂದದಲ್ಲಿ ಸೇರಿಸುವ ಒಂದು ಷರತ್ತಿಗೆ ಇರುವ ತೂಕ ನೂರು ಸಹಿಗಳಿಗೆ ಇಲ್ಲ. ಆ ಷರತ್ತಿನೊಡನೆ ಹಂಚಿಕೆಯ ಹೆಸರು ಮತ್ತು ಆವೃತ್ತಿ, ವೇಲ್ಯಾಂಡೋ ಎಕ್ಸ್ 11ಓ ಎಂಬ ವಿವರ, ಬ್ರೌಸರ್‌ನ ಆವೃತ್ತಿ, ಯಾವ ಗುಂಡಿ ಒತ್ತಿದಾಗ ಏನಾಯಿತು ಎಂಬ ವರದಿಯನ್ನೂ ಲಗತ್ತಿಸಿ.