ನಿಮ್ಮ ಟಾಕ್ ಶೋ ಲೇಖನ ಓದ್ದೆ, ಈಗಿರೋ ಹಾಗೆ ಹಾಕಕ್ಕಾಗಲ್ಲ

ನಮಸ್ಕಾರ,

ನೀವು ಕಳಿಸಿದ "ಟಿವಿ ಸಂದರ್ಶನಗಳು: ಅಂದು ಮತ್ತು ಇಂದು" ಪೂರ್ತಿ ಓದ್ದೆ. ಮೊದ್ಲೇ ಹೇಳ್ಬಿಡ್ತೀನಿ, ಈಗಿರೋ ರೂಪದಲ್ಲಿ ಪ್ರಕಟ ಮಾಡಕ್ಕಾಗಲ್ಲ. ಹಾಗಂತ ಒಂದು ಲೈನ್ ವಿಷಾದದ ಮೇಲ್ ಕಳಿಸಿ ಕೈ ತೊಳ್ಕೊಳ್ಳಕ್ಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ ಇದ್ರೊಳಗೆ ಒಂದು ಒಳ್ಳೇ ಲೇಖನ ಅಡಗಿದೆ, ನೀವು ಅದನ್ನ ಮುಟ್ಟಿ ಮುಂದೆ ಹೋಗ್ಬಿಟ್ಟಿದೀರಿ.

ನಿಮ್ಮ ಲೇಖನ ಒಂದು ಪಟ್ಟಿ ಥರ ಇದೆ: ಅಮೆರಿಕದ ಟುನೈಟ್ ಶೋ 1954, ಇಂಗ್ಲೆಂಡಿನ ಪಾರ್ಕಿನ್ಸನ್ 1971, ನಮ್ಮ ದೂರದರ್ಶನದಲ್ಲಿ ತಬಸ್ಸುಮ್ 1972ರಿಂದ, ಆಪ್ ಕೀ ಅದಾಲತ್ 1993, ಕಾಫಿ ವಿತ್ ಕರಣ್ 2004, ವೀಕೆಂಡ್ ವಿತ್ ರಮೇಶ್ 2014, ಕೊನೆಗೆ ಯೂಟ್ಯೂಬ್. ಇಸವಿಗಳೆಲ್ಲ ಸರಿ ಇವೆ, ಚೆಕ್ ಮಾಡಿದೀರಿ, ಅದಕ್ಕೆ ಥ್ಯಾಂಕ್ಸ್. ಆದ್ರೆ ಒಂದೊಂದು ಶೋಗೆ ಎರಡೆರಡು ಲೈನ್ ಅಷ್ಟೇ. ಓದಿ ಮುಗಿಸಿದ್ಮೇಲೆ ಯಾವ ಶೋ ಯಾವಾಗ ಶುರುವಾಯ್ತು ಅಂತ ಗೊತ್ತಾಯ್ತೇ ಹೊರತು, ಅಲ್ಲಿ ಯಾರು ಏನು ಕೇಳಿದ್ರು, ಎದುರಿಗೆ ಕೂತೋರು ಏನು ಹೇಳಿದ್ರು ಅನ್ನೋದು ಒಂದೂ ಸಿಗ್ಲಿಲ್ಲ. ಸಂದರ್ಶನದ ಬಗ್ಗೆ ಬರೆದ ಇಷ್ಟುದ್ದ ಲೇಖನದಲ್ಲಿ ಒಂದೇ ಒಂದು ಪ್ರಶ್ನೆನೂ ಇಲ್ಲ ನೋಡಿ. ನಿಮಗೆ ನಾನು ಹೇಳ್ಬೇಕಾಗಿರೋದು ಮುಖ್ಯವಾಗಿ ಇದೊಂದೇ.

ಈಗ ಆ ಒಳ್ಳೇ ಲೇಖನ ಎಲ್ಲಿದೆ ಹೇಳ್ತೀನಿ. ಮೂರನೇ ಪುಟದಲ್ಲಿ ಬರೆದಿದೀರಿ, "ಜಯಲಲಿತಾ ಅವರು ಸಿಮಿ ಗರೇವಾಲ್ ಹಾಗೂ ಕರಣ್ ಥಾಪರ್ ಇಬ್ಬರ ಕಾರ್ಯಕ್ರಮಗಳಲ್ಲೂ ಭಾಗವಹಿಸಿದ್ದರು" ಅಂತ. ಫುಲ್ ಸ್ಟಾಪ್ ಹಾಕಿ ಮುಂದಿನ ಶೋಗೆ ಹೋಗಿದೀರಿ. ಅಯ್ಯೋ, ಅಲ್ಲೇ ನಿಲ್ಬೇಕಿತ್ತು! ಒಬ್ಬರೇ ವ್ಯಕ್ತಿ, ಎರಡು ಕುರ್ಚಿ, ಎದುರಿಗೆ ಬೇರೆ ಬೇರೆ ಇಬ್ಬರು. ಎರಡೂ ವಿಡಿಯೋ ಈಗಲೂ ನೋಡಕ್ಕೆ ಸಿಗತ್ತೆ, ಒಂದಾದ್ಮೇಲೆ ಒಂದು ನೋಡಿ, ಇಬ್ಬರು ಬೇರೆ ಹೆಂಗಸರನ್ನ ನೋಡ್ತಿದೀವೇನೋ ಅನ್ಸತ್ತೆ.

ನಟಿ ಸಿಮಿ ಗರೇವಾಲ್ ಅವರ ಟಾಕ್ ಶೋ ಶುರುವಾಗಿದ್ದು 1997ರಲ್ಲಿ. ಜಯಲಲಿತಾ ಅದಕ್ಕೆ ಬಂದಾಗ ಅಧಿಕಾರದಲ್ಲಿ ಇರ್ಲಿಲ್ಲ. ಸಿಮಿ ಬಿಳಿ ಬಟ್ಟೆ ಹಾಕ್ಕೊಂಡು, ದನಿ ಇಳಿಸ್ಕೊಂಡು, ಮನೆಗೆ ಬಂದ ಗೆಳತಿನ ವಿಚಾರಿಸ್ಕೊಳ್ಳೋ ಹಾಗೆ ಕೇಳ್ತಾ ಹೋಗ್ತಾರೆ. ಈ ಕಡೆ ಜಯಲಲಿತಾ ಮೊದ್ಲು ಬಿಗಿಯಾಗೇ ಕೂತಿರ್ತಾರೆ, ಆಮೇಲೆ ನಿಧಾನಕ್ಕೆ ಸಡಿಲ ಆಗ್ತಾರೆ, ಸ್ಕೂಲಲ್ಲಿದ್ದಾಗ ಕ್ರಿಕೆಟರ್ ನಾರಿ ಕಾಂಟ್ರಾಕ್ಟರ್ ಅಂದ್ರೆ ಇಷ್ಟ, ಅವ್ರನ್ನ ನೋಡಕ್ಕೇ ಟೆಸ್ಟ್ ಮ್ಯಾಚಿಗೆ ಹೋಗ್ತಿದ್ದೆ ಅಂತ ನಗ್ತಾ ಹೇಳ್ತಾರೆ, ಸಿಮಿ ಒತ್ತಾಯ ಮಾಡಿದ್ದಕ್ಕೆ ಹಳೇ ಹಿಂದಿ ಹಾಡು ಹಾಡ್ತಾರೆ. ನಂಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಲ್ಲಿ ಉಳಿದಿದ್ದು ಅವರಮ್ಮನ ಸೀರೆ ಕಥೆ. ಜಯಲಲಿತಾ ಮೇಲುಕೋಟೆಲಿ ಹುಟ್ಟಿದೋರು, ಚಿಕ್ಕೋರಿದ್ದಾಗ ಬೆಂಗಳೂರಲ್ಲಿ ಅಜ್ಜಿ ತಾತನ ಮನೆಲಿ ಇದ್ರು, ತಾಯಿ ಸಂಧ್ಯಾ ಸಿನಿಮಾ ಕೆಲ್ಸಕ್ಕೆ ಅಂತ ಮದ್ರಾಸಲ್ಲಿ. ಅಮ್ಮ ನೋಡಕ್ಕೆ ಬಂದಾಗ ಎಲ್ಲಿ ಬಿಟ್ಟು ಹೋಗ್ಬಿಡ್ತಾರೋ ಅಂತ ಈ ಮಗು ಅಮ್ಮನ ಸೆರಗು ಗಟ್ಟಿಯಾಗಿ ಹಿಡ್ಕೊಂಡೇ ಮಲಗ್ತಿತ್ತಂತೆ. ಎಳ್ಕೊಂಡ್ರೆ ಎದ್ದುಬಿಡತ್ತೆ ಅಂತ ಅಮ್ಮ ಸೀರೆನೇ ಮೆಲ್ಲಗೆ ಬಿಚ್ಚಿಟ್ಟು ಹೊರಟುಹೋಗೋರು, ಚಿಕ್ಕಮ್ಮ ಆ ಸೀರೆ ಸುತ್ಕೊಂಡು ಪಕ್ಕದಲ್ಲಿ ಮಲಗೋರು. ಬೆಳಿಗ್ಗೆ ಎದ್ದು ನೋಡಿದ್ರೆ ಅಮ್ಮ ಇಲ್ಲ. ಪ್ರೆಸ್ ಮೀಟಲ್ಲಿ ಯಾರಿಗೂ ಸಿಗೋ ಮಾತಲ್ಲ ಇದು, ಸಿಮಿ ಆತುರ ಮಾಡದೇ ಕಾದಿದ್ದಕ್ಕೆ ಬಂತು.

ಇನ್ನು ಪತ್ರಕರ್ತ ಕರಣ್ ಥಾಪರ್ ಅವರದ್ದು 2004, ಬಿಬಿಸಿಯ ಹಾರ್ಡ್ ಟಾಕ್ ಇಂಡಿಯಾ. ಆಗ ಜಯಲಲಿತಾ ಮುಖ್ಯಮಂತ್ರಿ, ಅದೇ ವರ್ಷದ ಲೋಕಸಭೆ ಚುನಾವಣೆಲಿ ಪಕ್ಷಕ್ಕೆ ತಮಿಳುನಾಡಲ್ಲಿ ಒಂದು ಸೀಟೂ ಬಂದಿರ್ಲಿಲ್ಲ. ಥಾಪರ್ ಬಿಡೋ ಪೈಕಿ ಅಲ್ಲ. ಜ್ಯೋತಿಷ್ಯ ನಂಬ್ತೀರಂತೆ, ಮಂತ್ರಿಗಳು ನಿಮ್ಮ ಕಾಲಿಗೆ ಬೀಳ್ತಾರಂತೆ, ಹೀಗೆ ಒಂದರ ಮೇಲೊಂದು. ಅವ್ರು ಉತ್ತರ ಕೊಡ್ತಾ ಕೊಡ್ತಾ ಮುಖ ಗಟ್ಟಿ ಆಗ್ತಾ ಹೋಗೋದು ಕ್ಯಾಮರಾದಲ್ಲಿ ಕಾಣತ್ತೆ. ಕೊನೇಲಿ ಥಾಪರ್ ನಿಮ್ಮ ಜೊತೆ ಮಾತಾಡಿ ಸಂತೋಷ ಆಯ್ತು ಅಂತಾರೆ, ಜಯಲಲಿತಾ ನಂಗಂತೂ ನಿಮ್ಮ ಜೊತೆ ಮಾತಾಡಿ ಸಂತೋಷ ಆಗ್ಲಿಲ್ಲ ಅನ್ನೋ ಅರ್ಥದ ಮಾತು ಹೇಳಿ, ನಮಸ್ತೆ ಅಂದು, ಮೈಕ್ ಬಿಚ್ಚಿ ಹಾಕಿ ಎದ್ದು ಹೋಗ್ತಾರೆ.

ನೀವು ಇದನ್ನ ಬರೀಬೇಕಾದ್ರೆ ಒಂದು ಕಡೆ ವಾಲಬೇಡಿ. ಸಿಮಿ ಒಳ್ಳೇರು, ಥಾಪರ್ ಒರಟ ಅಂತ ಬರೆದ್ರೆ ಅಲ್ಲಿಗೆ ಕಥೆ ಮುಗೀತು. ಒಂದು ರಾಜ್ಯ ನಡೆಸೋರನ್ನ ಗಟ್ಟಿಯಾಗಿ ಕೇಳೋರು ಬೇಕೇ ಬೇಕು, ಅದು ಜನರ ಪರವಾಗಿ ಕೇಳೋ ಪ್ರಶ್ನೆ, ನಾನಂತೂ ಹಾಗೇ ನಂಬಿರೋದು. ಸಿಮಿ ಏನೇನು ಕೇಳ್ದೇ ಬಿಟ್ರು, ಥಾಪರ್ ಅಷ್ಟು ಕೇಳಿದ್ರೂ ಯಾವುದಕ್ಕೆ ಉತ್ತರ ಸಿಗ್ಲಿಲ್ಲ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ನೋಟ್‌ಬುಕ್ ಇಟ್ಕೊಂಡು, ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಪ್ರಶ್ನೆನ ಅವರ ಬಾಯಿಂದ ಬಂದ ಹಾಗೇ ಬರ್ಕೊಳಿ, ಉತ್ತರಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ನಿದ್ರು, ಮಧ್ಯ ಯಾರು ಬಾಯಿ ಹಾಕಿದ್ರು ಅದನ್ನೂ ಬರ್ಕೊಳಿ. ಬೋರ್ ಕೆಲ್ಸ ಅನ್ಸತ್ತೆ ಮೊದ್ಲು, ಆದ್ರೆ ಲೇಖನ ಹುಟ್ಟೋದು ಅಲ್ಲೇ.

ವೀಕೆಂಡ್ ವಿತ್ ರಮೇಶ್ ಬಗ್ಗೆ ಬರೆದಿರೋದ್ರಲ್ಲಿ ತಿದ್ದಬೇಕಾದ್ದಿದೆ. "ಜಗತ್ತಿನಲ್ಲೇ ವಿನೂತನ ಪ್ರಯೋಗ" ಅಂದಿದೀರಿ, ಅದು ಸರಿ ಅಲ್ಲ. ಒಬ್ಬರನ್ನ ಕೂರಿಸಿ ಅವರ ಬದುಕನ್ನೇ ಅವರ ಮುಂದೆ ಬಿಚ್ಚಿಡೋದು, ಹಳೇ ಮೇಷ್ಟ್ರು, ಗೆಳೆಯರು, ನೆಂಟರನ್ನ ಕರ್ಸೋದು, ಇದನ್ನ ಅಮೆರಿಕದಲ್ಲಿ ರಾಲ್ಫ್ ಎಡ್ವರ್ಡ್ಸ್ ದಿಸ್ ಈಸ್ ಯುವರ್ ಲೈಫ್ ಅಂತ 1948ರಲ್ಲಿ ರೇಡಿಯೋದಲ್ಲಿ, 1952ರಿಂದ ಟಿವಿಲಿ ಮಾಡಿದ್ರು, 1955ರಲ್ಲಿ ಬಿಬಿಸಿಗೂ ಹೋಯ್ತು. ಹಿಂದಿಲಿ ಫಾರೂಕ್ ಶೇಖ್ ನಡೆಸ್ತಿದ್ದ ಜೀನಾ ಇಸೀ ಕಾ ನಾಮ್ ಹೈ ಕೂಡ ಇದೇ ದಾರಿದು. ಇದನ್ನ ಹೇಳಿದ್ರೆ ನಮ್ಮ ಶೋ ಮರ್ಯಾದೆ ಏನೂ ಕಮ್ಮಿ ಆಗಲ್ಲ, ಬದಲಿಗೆ ನಮ್ಮವರು ಏನು ಬದಲಾಯಿಸಿದ್ರು ಅಂತ ನೋಡಕ್ಕೆ ಜಾಗ ಸಿಗತ್ತೆ. ಎಡ್ವರ್ಡ್ಸ್ ಶೋಲಿ ಅತಿಥಿಗೆ ತಾನು ಇವತ್ತಿನ ಅತಿಥಿ ಅಂತಾನೇ ಗೊತ್ತಿರ್ತಿರ್ಲಿಲ್ಲ, ಅದೇ ಅದರ ಜೀವ. ಇಲ್ಲಿ ಪುನೀತ್ ರಾಜ್‌ಕುಮಾರ್ ಅವರ ಮೊದಲ ಎಪಿಸೋಡಿಂದ್ಲೂ ಸಾಧಕರ ಸೀಟಲ್ಲಿ ಕೂರೋರಿಗೆ ಎಲ್ಲಿಗೆ ಬಂದಿದೀನಿ ಅಂತ ಗೊತ್ತಿರತ್ತೆ, ಯಾರು ಬರ್ತಾರೆ ಅನ್ನೋದಷ್ಟೇ ಸಸ್ಪೆನ್ಸ್. ರಮೇಶ್ ಕೈಯಲ್ಲಿ ಉತ್ತರ ಮೊದ್ಲೇ ಇರತ್ತೆ, ಅವ್ರು ಕೇಳೋದು ನೆನಪು ಮಾಡ್ಸಕ್ಕೆ. ಹಾಗಾದ್ರೆ ಇದು ಸಂದರ್ಶನನಾ, ಸನ್ಮಾನನಾ? ನಂಗೆ ಸನ್ಮಾನಕ್ಕೇ ಹತ್ತಿರ ಅನ್ಸತ್ತೆ, ಊರಿನ ಮೇಷ್ಟ್ರು ಬಂದು ಶಿಷ್ಯನ ತಲೆ ಸವರೋದನ್ನ ಮನೆ ಮಂದಿಯೆಲ್ಲ ಕೂತು ನೋಡಿ ಕಣ್ಣೊರೆಸ್ಕೊಳ್ಳೋದೂ ಅದಕ್ಕೇ. ನಿಮಗೆ ಬೇರೆ ಥರ ಅನ್ಸಿದ್ರೆ ಹಾಗೇ ಬರೀರಿ, ಆದ್ರೆ ಏನಾದ್ರೂ ಅನ್ಸಿರ್ಬೇಕು. 2023ರಲ್ಲಿ ರಮ್ಯಾ ಎಪಿಸೋಡಿಗೆ ಇಂಗ್ಲಿಷ್ ಜಾಸ್ತಿ ಆಯ್ತು ಅಂತ ಜನ ಬೇಜಾರಾಗಿದ್ದು ನಿಜ, ನೀವು ಬರೀ ಬೈಗುಳ ಮಾತ್ರ ಎತ್ಕೊಂಡಿದೀರಿ. ಬದುಕಿನ ಒಂದೊಂದು ಕಾಲದ ನೆನಪು ಒಂದೊಂದು ಭಾಷೆಲಿ ಬರತ್ತಲ್ಲ, ಕನ್ನಡ ಚಾನೆಲ್ ಅದನ್ನ ಹೇಗೆ ನಿಭಾಯಿಸ್ಬೇಕು ಅಂತ ಯೋಚ್ನೆ ಮಾಡಿದ್ರೆ ಆ ಪ್ಯಾರಾ ಉಳಿಯತ್ತೆ, ಇಲ್ದಿದ್ರೆ ತೆಗೀರಿ.

ಬ್ರಿಟಿಷ್ ಟಿವಿ ಸಂದರ್ಶಕ ಡೇವಿಡ್ ಫ್ರಾಸ್ಟ್ ಮತ್ತೆ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಪ್ಯಾರಾದಲ್ಲಿ "ಒಂದೇ ಪ್ರಶ್ನೆಯಿಂದ ಮಾಜಿ ಅಧ್ಯಕ್ಷರನ್ನು ಮಣಿಸಿದರು" ಅಂತಿದೆ. ಹಾಗಾಗಿಲ್ಲ. 1977ರಲ್ಲಿ ಅವರು ರೆಕಾರ್ಡ್ ಮಾಡಿದ್ದು 28 ಗಂಟೆಗೂ ಜಾಸ್ತಿ, ನಿಕ್ಸನ್‌ಗೆ 6 ಲಕ್ಷ ಡಾಲರ್ ದುಡ್ಡನ್ನೂ ಕೊಟ್ಟಿದ್ರು. ಅಷ್ಟು ಗಂಟೆ ಕೂತಿದ್ದಕ್ಕೆ ನಿಕ್ಸನ್ ಬಾಯಿಂದ, ಅಧ್ಯಕ್ಷ ಮಾಡಿದ್ರೆ ಅದು ಕಾನೂನುಬಾಹಿರ ಆಗಲ್ಲ ಅನ್ನೋ ಆ ಮಾತು ಹೊರಗೆ ಬಂತು. ನಿಮ್ಮ ಕೊನೇ ಪುಟದಲ್ಲಿ ನ್ಯೂಸ್ ಚಾನೆಲ್ಲಿನ ಕಿರುಚಾಟದ ಬಗ್ಗೆ ಬೇಜಾರು ಮಾಡ್ಕೊಂಡಿದೀರಲ್ಲ, ಕಾರಣನೂ ಇಲ್ಲೇ ಇದೆ. ನಾಲ್ಕೈದು ಜನನ್ನ ಸ್ಟುಡಿಯೋಲಿ ಕೂರ್ಸಿ ಜಗಳ ಹಚ್ಚೋದು, ಜಿಲ್ಲೆಗೆ ವರದಿಗಾರನ್ನ ಕಳಿಸೋದಕ್ಕಿಂತ ಅಗ್ಗ, ಮಧ್ಯ ಮಧ್ಯ ಬ್ರೇಕ್ ಬೇರೆ, ಇನ್ನು ಕೇಳೋಕೆ ಪುರುಸೊತ್ತೆಲ್ಲಿ? ಇದೇ ನೋಟದಿಂದ ನೋಡಿದ್ರೆ ಯೂಟ್ಯೂಬಿನ ಬಗ್ಗೆನೂ ನಿಮ್ಮ ಅಭಿಪ್ರಾಯ ಬದಲಾಗ್ಬೋದು. ಕಲಾಮಾಧ್ಯಮದಂಥ ಚಾನೆಲ್ಲುಗಳಲ್ಲಿ ನಮ್ಮ ಹಿರಿಯ ಕಲಾವಿದರು, ತಂತ್ರಜ್ಞರು ಎಪಿಸೋಡ್ ಮೇಲೆ ಎಪಿಸೋಡ್ ಮಾತಾಡಿದಾರೆ, ಟಿವಿ ಅವರಿಗೆ ಅಷ್ಟು ಟೈಮ್ ಯಾವತ್ತೂ ಕೊಡ್ಲಿಲ್ಲ. ಅದನ್ನ ಬರೀ "ಥಂಬ್‌ನೇಲ್ ಹಾವಳಿ" ಅಂತ ತಳ್ಳಿಹಾಕಿದ್ದು ನಂಗೆ ಸರಿ ಕಾಣ್ಲಿಲ್ಲ.

ಸಣ್ಣಪುಟ್ಟವು: ಥಟ್ ಅಂತ ಹೇಳಿ ಕ್ವಿಜ್, ಟಾಕ್ ಶೋ ಅಲ್ಲ, ಎಷ್ಟೇ ಪ್ರೀತಿ ಇದ್ರೂ ಇಲ್ಲಿಂದ ತೆಗೀರಿ. ಕರ್ನಾಟಕಕ್ಕೆ ಟಿವಿ ಬಂದಿದ್ದು ಎಂಬತ್ತರ ದಶಕದಲ್ಲಿ, ಅದೂ ಬೆಂಗಳೂರಿಗೆ ಅಂತ ಬರೆದಿದೀರಿ, ಕಲಬುರಗಿ, ರಾಯಚೂರು, ವಿಜಯಪುರ ಕಡೆ ಹಳ್ಳಿಗಳಲ್ಲಿ 1975ರಲ್ಲೇ ಸೈಟ್ (SITE) ಅನ್ನೋ ಸರ್ಕಾರಿ ಪ್ರಯೋಗದಲ್ಲಿ ಸ್ಯಾಟಲೈಟ್ ಟಿವಿ ನೋಡಿದಾರೆ, ಆ ಭಾಗದ ಓದುಗರು ಸುಮ್ನೆ ಬಿಡಲ್ಲ, ಬಿಡಲೂಬಾರದು. ಶುರುವಿನ ಗಾದೆ ಬೇಡ, "ಒಟ್ಟಾರೆಯಾಗಿ ಹೇಳುವುದಾದರೆ" ಅಂತ ಶುರುವಾಗೋ ಕೊನೇ ಪ್ಯಾರಾನೂ ಬೇಡ. ಭಾಷೆ ಸ್ವಲ್ಪ ಇಳಿಸಿ, ಮೇಲ್‌ನಲ್ಲಿ ನಂಗೆ ಬರೆದ ನಾಲ್ಕು ಸಾಲು ಲೇಖನಕ್ಕಿಂತ ಚೆನ್ನಾಗಿತ್ತು, ಆ ದನಿಲೇ ಬರೀರಿ.

ಜಯಲಲಿತಾ ಅವರ ಆ ಎರಡು ಸಂದರ್ಶನ ಇಟ್ಕೊಂಡು 1200 ಪದದಲ್ಲಿ ಹೊಸದಾಗಿ ಬರೆದು ಕಳಿಸಿ, ನಾನೇ ಓದ್ತೀನಿ. ಉಳಿದ ಶೋಗಳು ಬೇಕಾದ್ರೆ ಹೋಲಿಸೋ ಜಾಗದಲ್ಲಿ ಬರ್ಲಿ. ಇಂಗ್ಲಿಷ್ ಮಾತುಗಳನ್ನ ಕನ್ನಡಕ್ಕೆ ತರುವಾಗ ಅರ್ಥ ತಿರುಗದ ಹಾಗೆ ನೋಡ್ಕೊಳಿ, ಯಾವ ನಿಮಿಷದಲ್ಲಿ ಬರತ್ತೆ ಅಂತ ಪಕ್ಕದಲ್ಲಿ ಗುರುತು ಹಾಕಿದ್ರೆ ನಾವು ಇಲ್ಲಿ ತಾಳೆ ನೋಡ್ತೀವಿ. ಸ್ಕ್ರೀನ್‌ಶಾಟ್ ಕಳಿಸ್ಬೇಡಿ, ಫೋಟೋ ಹಕ್ಕಿನ ತೊಂದ್ರೆ ಬರತ್ತೆ, ಚಿತ್ರ ನಾವೇ ಬರೆಸ್ತೀವಿ.