ಬಿಎಸ್‌6 ಡೀಸೆಲ್ ಪಿಕಪ್‌ಗೆ ಹಳೆಯ ಗಾಡಿಗೆ ಹಾಕುತ್ತಿದ್ದ ಬಗೆಯ ಆಯಿಲನ್ನೇ ಹಾಕಬಹುದೇ?

ಹಾಕದಿರುವುದೇ ಸರಿ. 2020ರ ಏಪ್ರಿಲ್ 1ರಿಂದ ಜಾರಿಯಾದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್‌6 ನಿಯಮದ ಡೀಸೆಲ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಬಿಸಿಗೆ ಉರಿದುಹೋಗುತ್ತದೆ. ಆದರೆ ಆಯಿಲಿನ ಲೋಹಯುಕ್ತ ಸೇರ್ಪಡೆಗಳು ಸುಟ್ಟು ಉಳಿಯುವ ಬೂದಿ ಅಲ್ಲೇ ಕೂತು ಡಿಪಿಎಫನ್ನು ಕ್ರಮೇಣ ಮುಚ್ಚಿಬಿಡುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ 15ಡಬ್ಲ್ಯೂ-40 ಎಂಬುದನ್ನಷ್ಟೇ ನೋಡಿ ಕೊಳ್ಳಬಾರದು, ಅದು ಆಯಿಲಿನ ಮಂದತೆಯ ಅಳತೆ ಮಾತ್ರ. ಬೂದಿಗೆ ಮಿತಿ ಹಾಕುವುದು ಡಬ್ಬಿಯ ಮೇಲೆಯೇ ಬರೆದಿರುವ ಎಪಿಐ ಸಿಕೆ-4 (ಅಮೆರಿಕದ ದರ್ಜೆ), ಎಸಿಇಎ ಸಿ3 (ಯುರೋಪಿನ ದರ್ಜೆ) ಮೊದಲಾದ ದರ್ಜೆಗಳು: ಸಿಕೆ-4ರಲ್ಲಿ ಸಲ್ಫೇಟೆಡ್ ಬೂದಿ (ಪರೀಕ್ಷೆಯಲ್ಲಿ ಆಯಿಲನ್ನು ಸುಟ್ಟಾಗ ಉಳಿಯುವ ಬೂದಿಯ ಅಳತೆ) ಶೇ 1ನ್ನು, ಸಿ3ಯಲ್ಲಿ ಶೇ 0.8ನ್ನು ಮೀರುವಂತಿಲ್ಲ. ಇವುಗಳಲ್ಲಿ ಗಾಡಿಯ ಕೈಪಿಡಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಿಸಿ.

ಆಯಿಲ್ ಫಿಲ್ಟರ್ ತಿರುಗಿಸಿದರೆ ಕೂರುತ್ತದೆ ಎಂಬುದಷ್ಟೇ ಆಯ್ಕೆಗೆ ಆಧಾರವಾಗಬಾರದು, ಏಕೆಂದರೆ ಆಯಿಲನ್ನು ಸೋಸದೆಯೇ ದಾಟಿಸುವ ಒಳಗಿನ ಬೈಪಾಸ್ ವಾಲ್ವ್ ತೆರೆಯುವ ಒತ್ತಡ ಮಾದರಿಯಿಂದ ಮಾದರಿಗೆ ಬೇರೆ. ಅದು ಬೇಗ ತೆರೆದರೆ ಸೋಸದ ಆಯಿಲೇ ಬೇರಿಂಗ್‌ಗಳಿಗೆ ಹೋಗುತ್ತದೆ. ಹೊಸದನ್ನು ಕೂರಿಸುವ ಮುನ್ನ ಹಳೆಯ ರಬ್ಬರ್ ವಾಷರ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ, ಎರಡು ವಾಷರ್ ಒಂದರ ಮೇಲೊಂದು ಕೂತರೆ ಆಯಿಲ್ ಸೋರುತ್ತದೆ.

ಡೀಸೆಲ್ ಫಿಲ್ಟರಿನಲ್ಲಂತೂ ಅಗ್ಗದ ನಕಲಿ ಮಾಲು ಬೇಡವೇ ಬೇಡ. ನೀರನ್ನು ಬೇರ್ಪಡಿಸದ ಫಿಲ್ಟರ್ ಡೀಸೆಲನ್ನು ಭಾರೀ ಒತ್ತಡದಲ್ಲಿ ದೂಡುವ ಕಾಮನ್ ರೇಲ್ ಪಂಪನ್ನೂ ಅದನ್ನು ಎಂಜಿನ್ನಿನೊಳಗೆ ಸಿಂಪಡಿಸುವ ಇಂಜೆಕ್ಟರುಗಳನ್ನೂ ಹಾಳುಮಾಡುತ್ತದೆ.